ಹದಿನೇಳು ಬ್ಲೌಸಿನ ಬಾಕಿ

ಗ್ರೇಸಿ ಮೇಡಂ ಕೂಕ್ ಟೌನಿನ ಮನೆ ಖಾಲಿ ಮಾಡುವಾಗ
ಹದಿನೇಳು ಬ್ಲೌಸಿನ ಬಾಕಿಗೆ
ದುಡ್ಡಿರಲಿಲ್ಲ. ಗಿಳಿಯಿತ್ತು.
"ಇಟ್ಟುಕೋ ಚೆಲುವಿ, ಹೊಲಿಗೆಗೆ ಜೊತೆಯಾಗುತ್ತೆ" ಎಂದರು.
ಹಸಿರಲ್ಲ, ನಮ್ಮ ಸೀಮೆಯದಲ್ಲ,
ಆರಿದ ಒಲೆಯ ಬೂದಿ ಬಣ್ಣ; ಬಾಲ ಮಾತ್ರ
ಆಗಷ್ಟೇ ಯಾರೋ ಊದಿದ ಕೆಂಡ.

ಮೊದಲ ತಿಂಗಳು ಚೆನ್ನಾಗಿತ್ತು.
ಮಿಷನ್ನಿನ ಸದ್ದು ಕಲಿಯಿತು, ಕುಕ್ಕರಿನ ಸೀಟಿ ಕಲಿಯಿತು,
"ನಾಳೆ ಕೊಡ್ತೀನಿ" ಎಂಬ ನನ್ನ ಸುಳ್ಳನ್ನೂ
ನನ್ನದೇ ದನಿಯಲ್ಲಿ, ನನಗಿಂತ ನಂಬಿಸುವ ಹಾಗೆ.
ಸಂಜೆ ಆರಕ್ಕೆ ಮಾತ್ರ ಬೇರೆ ಗಂಟಲು:
"ಪ್ಯಾಟ್ರಿಕ್, ಗೇಟ್!"
ಯಾರು ಪ್ಯಾಟ್ರಿಕ್? ಮಗನೋ, ನಾಯಿಯೋ,
ವಿಚಾರಿಸಲಿಲ್ಲ ನಾನು.
ಟ್ಯಾನರಿ ರೋಡಿನ ಈ ಒಂದು ಕೋಣೆಗೆ
ಗೇಟೆಲ್ಲಿ, ಅರ್ಧ ಎಳೆದ ಶೆಟರ್ ಅಷ್ಟೆ.

ಒಂದು ಬೆಳಿಗ್ಗೆ ಕತ್ತರಿಸಿದ ಚೂರುಗಳ ನಡುವೆ
ಬಟ್ಟೆಯಲ್ಲದ ಒಂದು ಚೂರು.
ಮರುದಿನ ಏಳು.
ಆಮೇಲೆ ಎಣಿಸುವುದು ಬಿಟ್ಟು ಗುಡಿಸತೊಡಗಿದೆ.
ಎದೆ ಬೋಳಾಯಿತು. ಆ ಚರ್ಮದ ಬಣ್ಣ
ಯಾರೂ ನೋಡಬಾರದಿತ್ತು.

ದೃಷ್ಟಿ ಅಂದಳು ಪಕ್ಕದ ಅಂಗಡಿಯ ಜರೀನಾ,
ಮೆಣಸಿನಕಾಯಿ ನಿವಾಳಿಸಿದಳು.
ಗಿಳಿ ಆ ಮೆಣಸಿನಕಾಯಿಯನ್ನೇ ಕಸಿದು ತಿಂದಿತು.
ಗುಂಡಿ ಹಚ್ಚಲು ಬರುವ ಮುನಿರಾಜು
ಬೇವಿನೆಣ್ಣೆ ಸವರಿ ಅಂದ. ಸವರಲಿಲ್ಲ, ಪುಣ್ಯ.

ಹೆಬ್ಬಾಳಕ್ಕೆ ಆಟೋ, ಮುನ್ನೂರ ನಲವತ್ತು.
ಡಾಕ್ಟರಮ್ಮ ರೆಕ್ಕೆ ಬಿಡಿಸಿದರು, ರಕ್ತ ನೋಡಿದರು,
ಹುಳವಿಲ್ಲ, ರೋಗವಿಲ್ಲ.
"ನಿದ್ದೆ ಎಷ್ಟು ಹೊತ್ತು?"
ನಾನು ನನ್ನ ನಿದ್ದೆಯ ಲೆಕ್ಕ ಒಪ್ಪಿಸಿದೆ.
"ನಿಮ್ಮದಲ್ಲಮ್ಮ."
ರಾತ್ರಿ ಪೂರಾ ಕತ್ತಲೆ ಬೇಕಂತೆ, ಮೈಮೇಲೆ ನೀರು ಚಿಮುಕಿಸಬೇಕಂತೆ,
ಬರೀ ಬೀಜ ಸಾಲದು, ಸೊಪ್ಪು, ಕ್ಯಾರೆಟ್ಟು.
"ಕಿತ್ತಾಗ ಬೈಯಬೇಡಿ, ಓಡಿಯೂ ಬರಬೇಡಿ.
ಕೊಕ್ಕಿಗೆ ಕೆಲಸ ಕೊಡಿ."

ಕೆಲಸ ಅಂದರೆ ನನಗೆ ಗೊತ್ತಿರುವುದು ಒಂದೇ.
ಹಬ್ಬದ ಆರ್ಡರು ಬದಿಗಿಟ್ಟು ಹೊಲಿದೆ
ಅಂಗೈಯಗಲದ ಹತ್ತಿ ಅಂಗಿ,
ರೆಕ್ಕೆಗೆರಡು ಕಂಡಿ, ಬೆನ್ನಿಗೆ ಕಸೆ.
ಅಷ್ಟು ಚೆನ್ನಾಗಿ ಮೈಗೆ ಕೂತ ಅಂಗಿ
ಯಾವ ಮದುವಣಗಿತ್ತಿಗೂ ಹೊಲಿದಿಲ್ಲ.

ಬೆಳಗಾಗುವುದರೊಳಗೆ ಬಿಚ್ಚಿತ್ತು.
ಹರಿದಿರಲಿಲ್ಲ, ಕೇಳಿ, ಬಿಚ್ಚಿತ್ತು,
ಒಂದೊಂದೇ ಹೊಲಿಗೆ, ಬಟ್ಟೆಗೆ ಗಾಯವಾಗದಂತೆ,
ನನಗೆ ಪಾಷಾ ಸಾಹೇಬರು ಕಲಿಸಿದ ಹಾಗೆ.
ದಾರ ಒಂದು ಕಡೆ, ಅಂಗಿ ಒಂದು ಕಡೆ,
ನಡುವೆ ತನ್ನ ಕೈಕೆಲಸ ತಾನೇ ಮೆಚ್ಚಿಕೊಂಡು
ಕೂತಿತ್ತು ಆ ಬೋಳು ಎದೆ.

ಈಗ ಬಿಚ್ಚುವ ಕೆಲಸವೆಲ್ಲ ಅದಕ್ಕೇ.
ಹಳೇ ಕಾಲರು, ದಪ್ಪಗಾದವರ ಬಗಲು.
ಉದ್ದ ದಾರ ಕಾಲಿಗೆ ಸುತ್ತೀತೆಂದು
ಪಕ್ಕದಲ್ಲೇ ಕೂರುತ್ತೇನೆ.

ಆದರೂ ಆರಾಗುತ್ತಲೇ ಕೊಕ್ಕು ಎದೆಗೆ.
"ಪ್ಯಾಟ್ರಿಕ್, ಗೇಟ್!"
ಒಂದು ಸಲ, ಎರಡು ಸಲ.
ಮೂರನೆಯದಕ್ಕೆ ಒಂದು ಗರಿ.

ಮೊನ್ನೆ ಕರೆಂಟು ಹೋಯಿತು.
ಮಿಷನ್ನು ನಿಂತಿತು,
ರೋಡಿನಡಿ ಮೆಟ್ರೋದವರು ಕೊರೆಯುವುದೂ ಯಾಕೋ ನಿಂತಿತು,
ಆ ಕೂಗು ಮೊದಲ ಸಲ ಪೂರ್ತಿ ಕೇಳಿಸಿತು:
ಕೊನೆಯಲ್ಲಿ ತುಸು ಮೇಲೇರಿ
ಉತ್ತರಕ್ಕೆ ಜಾಗ ಬಿಟ್ಟ ದನಿ.

ಎದ್ದೆ. ಶೆಟರ್ ಒಂದು ಗೇಣು ಎಳೆದು
ಕೊಂಡಿ ಸದ್ದು ಮಾಡಿ
ಹೇಳಿದೆ, "ಹಾಕಿದೆ ಮೇಡಂ."

ಮೂರನೆಯ ಕೂಗು ಬರಲಿಲ್ಲ.
ಕತ್ತಲಲ್ಲಿ ಅದು ಒಂದು ಕಾಲು ಮಡಚಿಕೊಂಡ ಸದ್ದು.

ಬೇರು ಸತ್ತ ಕಡೆ ಗರಿ ಮತ್ತೆ ಬಾರದು
ಅಂದಿದ್ದಾರೆ ಡಾಕ್ಟರಮ್ಮ. ಇರಲಿ.
ಹದಿನೇಳು ಬ್ಲೌಸಿನ ಲೆಕ್ಕ ಹೊಡೆದುಹಾಕಿದ್ದೇನೆ.
ಜರೀನಾ ಈಗ ನನ್ನನ್ನು ಪ್ಯಾಟ್ರಿಕ್ ಅಂತಲೇ ಕರೆಯುತ್ತಾಳೆ.
ಆರಕ್ಕೆ ಐದು ನಿಮಿಷವಿರುವಾಗ
ಗಿರಾಕಿ ಅಳತೆ ಕೊಡುತ್ತಿದ್ದರೂ ಸರಿ,
ಟೇಪು ಕೊರಳಿಗೆ ಹಾಕಿಕೊಂಡು
ಶೆಟರಿನ ಹತ್ತಿರ ಹೋಗಿ ನಿಲ್ಲುತ್ತೇನೆ.