ಎಷ್ಟು ಸಿಗ್ನಲ್

ಎರಡುನೂರ ಎಂಬತ್ತೆಂಟು ಡಿಗ್ರಿ.
ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ ಭೋಸರಿಗೆ,
ಔಷಧದ ಅಂಗಡಿಗೆ ಹೋಗುವ ಹಾಗೆ.

ಲಾಡ್ಲೇಸಾಬರ ಗ್ರೈಂಡಿಂಗ್ ಶೆಡ್ಡು.
ಗೋಡೆಗೆ ಮೊಳೆ, ಮೊಳೆಗೆ ತಂತಿ, ತಂತಿಗೆ
ಎಣ್ಣೆಕಾಗದ ಸುತ್ತಿದ ಕ್ಯಾಮ್‌ಶಾಫ್ಟುಗಳು,
ಗಂಟುಗಂಟಾದ ಕಬ್ಬಿನ ಜಲ್ಲೆಯಂತೆ.
ತಿರುಗುವ ಕಲ್ಲಿನ ಮೇಲೆ ಬಿಳಿನೀರು ಸುರಿಯುತ್ತಿತ್ತು.
ನಾನು ಮರಾಠಿಯಲ್ಲಿ ಮಾತಾಡಿದೆ, ಅವರೂ ಮರಾಠಿಯಲ್ಲಿ.
ಲೋಬುಗಳನ್ನು ಬೆರಳಿಟ್ಟು ಎಣಿಸುವಾಗ ಮಾತ್ರ
ಒಂದು, ಎರಡು, ಮೂರು ಅಂದೆನಂತೆ.
'ಯಾವೂರ್ರಿ ನಿಮ್ದು? ನಮ್ದು ಆಳಂದ' ಎಂದರು.
ಅಲ್ಲಿಂದ ಮುಂದೆ ಚೀಟಿ ಕೆಲಸಕ್ಕೆ ಬರಲಿಲ್ಲ.

'ಡಿಗ್ರಿ ಆಮ್ಯಾಲ ಹೇಳ್ರಿ ಅಕ್ಕಾರ.
ಮನಿಯಿಂದ ಕೆಲಸಕ್ಕ ಎಷ್ಟ ಸಿಗ್ನಲ್?'

ಎಣಿಸಿರಲಿಲ್ಲ. ಅಲ್ಲೇ ನಿಂತು
ದಾಪೋಡಿಯಿಂದ ಹಡಪಸರ್‌ವರೆಗೆ ಎಸ್ಟೀಮ್ ಓಡಿಸಿದೆ:
ಬೋಪೋಡಿ, ಖಡಕಿ, ಸ್ಟೇಷನ್, ಪುಲ್‌ಗೇಟ್...
ಹದಿನೇಳಾಯಿತು.
ಫಾತಿಮಾನಗರದಲ್ಲಿ ಒಂದಕ್ಕೇ ಎರಡು ಸಲ ನಿಲ್ಲುವುದನ್ನು ಬಿಟ್ಟು.

'ಘಾಟ್ ಹತ್ತೂದು?'
ವರಂಧ. ತಿಂಗಳಿಗೊಂದು ಆದಿತ್ಯವಾರ.

ಅವರು ಲೆಕ್ಕ ಹಾಕಲಿಲ್ಲ, ಅಂಗಿಗೆ ಕೈ ಒರೆಸಿಕೊಂಡರು.
'ನೋಡ್ರಿ, ವಾಲ್ವ್ ಅಂದ್ರ ಮನಿ ಬಾಗಲ.
ಹಿತ್ತಲ ಬಾಗಲ ಮುಚ್ಚೂ ಮೊದಲ ತಲಬಾಗಲ ತೆರದ್ರ
ಗಾಳಿ ಜೋರ್ ಇದ್ದಾಗ ಚೊಲೋ,
ಹೋಗೂ ಹೊಗಿನ ಹೊಸ ಗಾಳಿನ ಒಳಗ ಜಗ್ಗತದ.
ಗಾಳಿ ನಿಂತಾಗ?
ಒಲಿ ಹೊಗಿ ಎಲ್ಲಾ ಪಡಸಾಲ್ಯಾಗ.
ನಿಮ್ಮ ಚೀಟಿ ಅಂದ್ರ
ಎರಡೂ ಬಾಗಲ ಬಾಳ ಹೊತ್ತ ತೆರದಿಟ್ಟ ಮನಿ.
ಆರ ಸಾವಿರಕ್ಕ ಅರಮನಿ.
ಸಿಗ್ನಲ್‌ನ್ಯಾಗ ಬರೇ ಹೊಗಿ.'

ನಾನು ಬಿಡಲಿಲ್ಲ. ಆ ಸದ್ದು, ಅಂದೆ. ನಿಂತಲ್ಲೇ
ಧಡ್... ಧಡ್ ಧಡ್... ಅಂತ ಮೈ ಕುಲುಕುತ್ತದಲ್ಲ, ಅದು.

'ಅದಾ? ಅದು ಗುಡುಗಲ್ರಿ, ಉಬ್ಬಸ.
ಉಸರ ಸಿಗಲಾರದ ಇಂಜಿನ್ ಕೆಮ್ಮತದ,
ಹಿಂದಿನ ರಿಕ್ಷಾದವ ಹೆದರತಾನ, ಅಷ್ಟ.
ವ್ಯಾಕ್ಯೂಮ್ ಬರಂಗಿಲ್ಲ, ಬ್ರೇಕ್ ಕಲ್ಲಾಗತದ.
ಹದಿನೇಳ ಸಲ ದಿನಾ ಕಲ್ಲ ತುಳೀತೀರೇನು?'

ಆಮೇಲೆ ಸ್ವಲ್ಪ ತಡೆದು ಮೂಲೆಯ ಕಟ್ಟು ತೋರಿಸಿದರು.
ಮುನ್ನೂರ ನಾಲ್ಕು ಡಿಗ್ರಿ.
ಹಳೇ ಫಿಯಟ್ಟಿಗೆಂದು ತಾವೇ ಸಾಣೆ ಹಿಡಿದದ್ದು, ಎಂಬತ್ತಾರರಲ್ಲಿ.
ಯಾರದೋ ಮದುವೆ ಮೆರವಣಿಗೆಯ ಹಿಂದೆ ಸಿಕ್ಕಿಕೊಂಡು
ಮೂರು ಸಲ ಬಂದ್ ಬಿದ್ದು, ನಾಲ್ಕನೆಯ ಸಲಕ್ಕೆ
ಹೆಂಡತಿ ಇಳಿದು ಬಸ್ಸು ಹತ್ತಿ ಹೋದರಂತೆ.
'ಮಾರಿಲ್ಲರಿ. ಯಾರಿಗಿ ಮಾರಲಿ?'
ಕಾಗದ ಬಿಚ್ಚಿದರು. ಒಂದು ಚುಕ್ಕಿ ತುಕ್ಕಿರಲಿಲ್ಲ.

ಎರಡುನೂರ ಅರವತ್ನಾಲ್ಕು.
ನಾನು ಹೇಳಿದೆನೋ, ಅವರು ಹೇಳಿಸಿದರೋ.
ಲಿಫ್ಟು ಅರ್ಧ ಮಿಲಿಮೀಟರು ಹೆಚ್ಚಿರಲಿ ಎಂಬುದು ಮಾತ್ರ ನನ್ನ ಹಟ.
'ಬಾಗಲ ಬಾಳ ಹೊತ್ತ ಬ್ಯಾಡ, ಅಗಲ ತೆರೀಲಿ.
ಅದಕ್ಕ ನಂದೂ ಹ್ಞೂಂ.'
ಮೇಲೆ ಲೋಹ ಹಚ್ಚುವುದಿಲ್ಲ ಇವರು.
ಬುಡ ಸವೆಸುತ್ತಾರೆ;
ಬುಡ ಸವೆದಷ್ಟೇ ತಲೆ ಎತ್ತರ.

ಶುಕ್ರವಾರ ಕೂರಿಸಿದರು. ಲೋಬುಗಳಿಗೆಲ್ಲ ಕರಿಯ ಪೇಸ್ಟು.
'ಮೊದಲ ಇಪ್ಪತ್ತ ನಿಮಿಷ ಕಾಲ ತೆಗೀಬ್ಯಾಡ್ರಿ,
ಎರಡ ಸಾವಿರದ ಮ್ಯಾಲೇ ಇರಲಿ.
ಹೊಸ ಲೋಬು, ಹೊಸ ರಾಕರ್,
ಒಂದರ ಮೈ ಒಂದಕ್ಕ ತಿಳೀಬೇಕು.'

ಒತ್ತಿ ಕೂತೆ.
ಅವರು ಮಡ್‌ಗಾರ್ಡಿನ ಮೇಲೆ ಅಂಗೈ ಊರಿ ನಿಂತರು,
ನಾಡಿ ನೋಡುವವರ ಹಾಗೆ ಅಲ್ಲ,
ಬಸ್ಸಿಗೆ ಕಾಯುವವರ ಹಾಗೆ.
ಸೈಲೆನ್ಸರಿನ ಬಣ್ಣ ಸುಟ್ಟ ವಾಸನೆ,
ಕಟಿಂಗ್ ಚಹಾದ ಮೇಲೆ ಕೆನೆ,
ಗೇಟಿನಾಚೆ ಟೆಂಪೋ ಒಂದು ಹಿಂದೆ ಬರಲು ಜಾಗ ಹುಡುಕುತ್ತಿತ್ತು.
ಹನ್ನೊಂದು. ಹನ್ನೆರಡು.
ಕಾಲಿಗೆ ಜೋಮು ಹಿಡಿಯಿತು.
ಕನ್ನಡದಲ್ಲೇ ಎಣಿಸುತ್ತಿದ್ದೆ.