ಜುಮ್

ಈ ಊರಲ್ಲಿ ಸೂರ್ಯ ಕಂಡರೆ ನಾಯಿಗಳು ಬೊಗಳುತ್ತವಂತೆ.
ಬಂದು ನಾಲ್ಕು ದಿನ, ಒಂದೂ ಬೊಗಳಿಲ್ಲ.
ಚೆಂಗ್ಡುವಿನ ಆಕಾಶ ಅಕ್ಕಿ ತೊಳೆದ ನೀರು.
ಅದರಡಿ ಬಿದಿರ ಕುರ್ಚಿಗಳು, ಕುರ್ಚಿಗಳಲ್ಲಿ ಮುದುಕರು,
ಅವರು ಮಾಜೊಂಗಿನ ಬಿಲ್ಲೆ ಕಲಸಿದರೆ
ಅಲೆ ಹಿಂದೆ ಸರಿದು ಚಿಪ್ಪು ಉರುಳಿದ ಸದ್ದು.
ಬಲಗಿವಿಗೆ ಮಾತ್ರ. ಎಡಗಿವಿ ನನ್ನದು
ಐಸ್ ಫ್ಯಾಕ್ಟರಿಯ ಕಂಪ್ರೆಸರಿನ ಪಕ್ಕ ನಿಂತು ನಿಂತು
ಹನ್ನೊಂದು ವರ್ಷದಿಂದ ಮುಚ್ಚಿದ ಅಂಗಡಿ.

ಆ ಕಂಪ್ರೆಸರಿಗೇ ವಾಲ್ವು ಕೊಳ್ಳಲು ಬಂದವಳು ನಾನು.
ಇವತ್ತು ಗೋರಿ ಗುಡಿಸುವ ಹಬ್ಬ, ಕಾರ್ಖಾನೆಗೆ ರಜೆ.
ಮಾಲೀಕ ಶಾಂಗ್ ಯೂಫಾ ಅಜ್ಜನ ಸಮಾಧಿಗೆ ಹೊರಟಿದ್ದ,
ಕಾಗದದ ಕಾರು, ಕಾಗದದ ಫೋನು ಸುಡಲು.
ನಮ್ಮಲ್ಲಿ ಕಾಗೆಗೆ ಅನ್ನ ಇಡುತ್ತೇವೆ, ಎಂದೆ.
ಫೋನಿಗೆ ಚಾರ್ಜರು? ಎಂದೂ ಕೇಳಿದೆ.
"ಅದೂ ಇದೆ" ಎಂದ. ನಗಲಿಲ್ಲ.

ಮೊಲದ ತಲೆ ಮಾರುವವಳು ಬಾವೋ ಅಜ್ಜಿ.
ಟ್ರೇ ತುಂಬ ಕೂತಿವೆ, ಕೆಂಪೆಣ್ಣೆಯಲ್ಲಿ ಮಿಂದು,
ಹಲ್ಲು ಬಿಟ್ಟುಕೊಂಡು, ಗ್ರೂಪ್ ಫೋಟೋಕ್ಕೆ ಕೂತ ಹಾಗೆ.
ಬೇಡ ಎನ್ನಲು ಕೈ ಎತ್ತಿದೆ,
ಎತ್ತಿದ ಕೈಗೆ ಪ್ಲಾಸ್ಟಿಕ್ ಗವಸು ತೊಡಿಸಿಯೇಬಿಟ್ಟಳು.
ದವಡೆ ಹೀಗೆ ಹಿಡಿ. ಹೀಗೆ ಬಿಡಿಸು. ಕೆನ್ನೆ ಮೊದಲು.
ನಾಲಿಗೆ ಆಮೇಲೆ. ಕಣ್ಣು ನಿನ್ನಿಷ್ಟ.
ಅಂಕೋಲೆಯವಳು ನಾನು, ಮೀನಿನ ತಲೆ ಚೀಪಿ ಬೆಳೆದವಳು,
ಆದರೆ ಯಾವ ಮೀನೂ
ಮುಂದಿನ ಹಲ್ಲು ತೋರಿಸಿ ಹೀಗೆ ನೋಡಿದ್ದಿಲ್ಲ.

ಕೆನ್ನೆ ತಿಂದೆ.

ಖಾರದ ಬೆನ್ನಿಗೇ ಬಂತು ಅದು:
ತುಟಿಯಂಚಿನಲ್ಲಿ ಇರುವೆ ಸಾಲು,
ಬಾಯೊಳಗಿದ್ದ ನಾಲಿಗೆ ಯಾರೋ ಬಾಡಿಗೆಗೆ ಕೊಟ್ಟದ್ದು.
"ಮಾ" ಎಂದಳು ಅಜ್ಜಿ, ತನ್ನ ತುಟಿ ತಟ್ಟಿ, "ಮಾ!"
"ಜುಮ್" ಎಂದೆ ನಾನು.
ಇಬ್ಬರೂ ಹೇಳಿದ್ದು ಒಂದೇ ಎಂದು
ಫೋನಿನ ಅನುವಾದಕನಿಗೆ ಕೊನೆಗೂ ಹೊಳೆಯಲಿಲ್ಲ,
ಅದು ಕೇಳುತ್ತಲೇ ಇತ್ತು: ತಾಯಿ? ಕುದುರೆ? ಸೆಣಬು?

ಜುಮ್ಮನಕಾಯಿ!
ಬಂಗುಡೆ ಸಾರಿಗೆ ಅಮ್ಮ ಎಣಿಸಿ ಹಾಕುತ್ತಿದ್ದದ್ದು
ಏಳು, ನೆಂಟರು ಬಂದರೆ ಒಂಬತ್ತು,
ಬೀಜ ಉದುರಿಸಿ, ಸಿಪ್ಪೆ ಮಾತ್ರ ಜಜ್ಜಿ.
ಇದು ಅದಲ್ಲ, ಅದರ ಕುಲವೇ, ಬೇರೆ ಗೋತ್ರ.
ಮೊರದಲ್ಲಿ ಮೊಗೆದು ಸುರಿಯುತ್ತಾರೆ ಇಲ್ಲಿ,
ಎಣಿಸುವವರನ್ನು ಕಂಡರೆ ಪಾಪ ಎನ್ನುತ್ತಾರೇನೋ.

ಅಜ್ಜಿಯ ಕಣ್ಣು ನನ್ನ ಮೂಗುತಿಯ ಮೇಲೆ.
ಬೆರಳ ತುದಿಯಿಂದ ಮುಟ್ಟಿದಳು, ಬಿಟ್ಟಳು, ಮತ್ತೆ ಮುಟ್ಟಿದಳು.
ನೋಯುವುದಿಲ್ಲವೇ? ಸೀನು ಬಂದರೆ?
ಪಕ್ಕದಂಗಡಿಯವಳನ್ನು ಕೂಗಿದಳು, ಅವಳು ತನ್ನ ಮಗಳನ್ನು,
ಮಗಳು ಫೋನೆತ್ತಿದಳು:
ಆ ಕಡೆ ಟ್ರೇಯಲ್ಲಿ ಉಳಿದ ಮೊಲಗಳು, ಈ ಕಡೆ ನಾನು,
ಎಲ್ಲರೂ ಹಲ್ಲು ಬಿಟ್ಟುಕೊಂಡು.

ತುಟಿ ಇನ್ನೂ ಮರಳಿ ಬಂದಿರಲಿಲ್ಲ,
ಚಹಾದಂಗಡಿಯಲ್ಲಿ ಎದುರಿಗೆ ಬಂದು ನಿಂತ
ಕಿವಿಯ ಗುಗ್ಗೆ ತೆಗೆಯುವ ಪು ದೆಚ್ಯಾಂಗ್.
ಹಣೆಗೆ ದೀಪ, ಬೆರಳ ಸಂದಿಗಳಲ್ಲಿ ಕಡ್ಡಿ, ಚಮಚ, ಬಾತಿನ ಪುಕ್ಕ.
ಬಲಗಿವಿಯಿಂದ ಏನೇನೋ ತೆಗೆದು
ನನಗೇ ತೋರಿಸಿದ, ನಾಚಿಕೆಯಾಯಿತು.
ಎಡಗಿವಿಯೊಳಗೆ ಇಣುಕಿದ. ಬಹಳ ಹೊತ್ತು.
ದೀಪ ಆರಿಸಿದ.
ಚೊಕ್ಕವಾಗಿದೆ, ಏನೂ ಇಲ್ಲ, ಎಂದು ಕೈ ತಿರುವಿದ.
ಡಾಕ್ಟರೂ ಹೀಗೇ ತಿರುವಿದ್ದರು, ಹುಬ್ಬಳ್ಳಿಯಲ್ಲಿ.

ಎದ್ದೆ. ಭುಜ ಒತ್ತಿ ಕೂರಿಸಿದ.
ಕಿವಿಯ ಹಿಂದಿನ ಎಲುಬಿಗೆ ಕಡ್ಡಿಯೊಂದನ್ನು ಊರಿ
ಉಕ್ಕಿನ ಶ್ರುತಿಕವೆಯನ್ನು ಬಡಿದು
ಅದಕ್ಕೆ ತಾಗಿಸಿದ.

ಕೇಳಿಸಿತೋ, ತಗುಲಿತೋ, ನನಗೆ ಗೊತ್ತಿಲ್ಲ.
ಮುಚ್ಚಿದ ಶಟರಿನ ಮೇಲೆ ಯಾರೋ ಅಂಗೈ ಇಟ್ಟ ಹಾಗೆ,
ಒಳಗಿನ ಡಬ್ಬಗಳೆಲ್ಲ ಸಣ್ಣಗೆ ನಡುಗಿದ ಹಾಗೆ.
"ಮಾ?" ಎಂದ ಪು, ಹುಬ್ಬೇರಿಸಿ.
ತಲೆಯಾಡಿಸಿದೆ. ಇನ್ನೊಮ್ಮೆ ಎಂದು ಬೆರಳೆತ್ತಿದೆ.
ಮತ್ತೂ ಒಮ್ಮೆ.
ಚಹಾ ಸುರಿಯುವ ಹುಡುಗ ಕೆಟಲು ಹಿಡಿದು ಕಾಯುತ್ತ ನಿಂತ.

ಎರಡೂ ಕಿವಿಗೆ ದುಡ್ಡು ತೆಗೆದುಕೊಂಡ.
ಚೌಕಾಸಿ ಮಾಡಲಿಲ್ಲ ನಾನು.