ದಡೆ

ನಿನ್ನೆ ರಾತ್ರಿ ಹನ್ನೆರಡಕ್ಕೆ ಹನ್ನೆರಡು ಐದಾಯಿತು.
ಸಂತೇಪೇಟೆ ನಿದ್ದೆಯಲ್ಲಿತ್ತು. ಷಟರಿನ ಸಂದಿಯಿಂದ
ಇಲಿಯೊಂದು ಬಂದು ನನ್ನ ನೋಡಿ ಹೋಯಿತು.
ಗುರುಮಲ್ಲಪ್ಪನವರ ತುಪ್ಪದಂಗಡಿಯ ಲೆಕ್ಕದವಳು ನಾನು,
ಕಂಪ್ಯೂಟರಿನ ಮುಂದೆ, ಒಂದೊಂದೇ ಸಾಲಿಗೆ ಹೋಗಿ
ಹನ್ನೆರಡನ್ನು ಅಳಿಸಿ ಐದು ಬರೆಯುತ್ತ.
ಪ್ರತಿ ಸಲ ಅದು ಕೇಳುತ್ತದೆ: ಖಚಿತವೇ?
ನನಗೇನು ಗೊತ್ತು. ಹೌದು ಎಂದು ಒತ್ತಿದೆ,
ನಾನೂರ ಹದಿನೇಳು ಸಲ.

ಬೆಳಿಗ್ಗೆ ಕ್ಯಾತಮಾರನಹಳ್ಳಿಯ ಪುಟ್ಟಲಿಂಗಮ್ಮ,
ಒಬ್ಬಟ್ಟು ತಟ್ಟಿ ಮನೆಮನೆಗೆ ಕೊಡುವವಳು,
ಸ್ಟೀಲು ಡಬ್ಬಿ ಇಟ್ಟು ಅರ್ಧ ಕೇಜಿ ಅಂದಳು.
ಯಜಮಾನರು ಟೇರ್ ಗುಂಡಿ ಒತ್ತಿ, ಸೊನ್ನೆ ಬರಿಸಿ,
'ದಡೆ ಕಟ್ಟಿದೆ ನೋಡಮ್ಮ' ಎಂದರು.
ಕಲ್ಲು, ಹುಣಸೆಬೀಜ ಇಟ್ಟು ಸರಿತೂಗಿಸುತ್ತಿದ್ದ
ಕಾಲದ ಮಾತು, ಇನ್ನೂ ಬಾಯಲ್ಲಿ.
ಮುನ್ನೂರ ಹದಿಮೂರು ಅರವತ್ತು ಇದ್ದದ್ದು
ಇನ್ನೂರ ತೊಂಬತ್ತನಾಲ್ಕಕ್ಕೆ ಬಂತು.
ಆಕೆ ಹಿಗ್ಗಲಿಲ್ಲ. ಚೀಟಿಯ ಮೇಲೆ ಬೆರಳಿಟ್ಟು ಕೇಳಿದಳು:
'ಅದ್ಯಾರು ಕುಂತ್ಕಂಡು ಇಕ್ಕುದ್ರವ್ವ ಈ ಐದ?
ನಾಕ್ ಯಾಕಲ್ಲ? ಆರ್ ಯಾಕಲ್ಲ?'

ಓದಿದವಳಲ್ಲವೇ ನಾನು, ಬಿಡಿಸಿ ಹೇಳಹೊರಟೆ:
ದಿಲ್ಲಿಯಲ್ಲೊಂದು ಉದ್ದ ಮೇಜು, ಸುತ್ತ ರಾಜ್ಯಗಳು.
ನಡುವೆ ಖಜಾನೆ ಎಂಬ ಹಂಡೆ. ಅದರೊಳಗೆ
ಇಷ್ಟಾದರೂ ತುಂಬಲೇಬೇಕೆಂದು ಮೊದಲೇ ಎಳೆದ ಗೀರು.
ದೇಶ ಕೊಳ್ಳುವುದನ್ನೆಲ್ಲ ರಾಶಿ ಹಾಕಿ, ಅಂದಾಜು ಕಟ್ಟಿ,
ಗೀರು ಮುಟ್ಟುವಷ್ಟು ದೊಡ್ಡದೊಂದು ಸೌಟು ಮಾಡಿಸುತ್ತಾರೆ.
ಸೌಟು ದೊಡ್ಡದಾದರೆ ಜನ ರಾಶಿಯನ್ನೇ ಬಚ್ಚಿಡುತ್ತಾರೆ,
ಚಿಕ್ಕದಾದರೆ ಹಂಡೆಯ ತಳ ಕಾಣುತ್ತದೆ.
ಅಕ್ಕಿಗೆ ಸೌಟೇ ಬೇಡ ಅನ್ನುತ್ತಾರೆ ಒಬ್ಬರು,
ಕಾರಿಗೆ ಬಕೆಟ್ಟು ತನ್ನಿ ಅನ್ನುತ್ತಾರೆ ಇನ್ನೊಬ್ಬರು,
ತುಪ್ಪ ಊಟವೋ ಷೋಕಿಯೋ ಎಂಬಲ್ಲಿಗೆ ಬರುವಾಗ
ಅವರ ಊಟದ ಹೊತ್ತಾಗಿರುತ್ತದೆ.
ಆಮೇಲೆ ವರ್ಷಕ್ಕೋ, ಎರಡು ವರ್ಷಕ್ಕೋ
ಹಂಡೆಗೆ ಕಡ್ಡಿ ಇಳಿಸಿ ನೋಡಿ, ಸೌಟು ಬಡಿದು ತಿದ್ದುತ್ತಾರೆ.

'ಉಪ್ಪು ಹಾಕ್ದೋರು ಒಂದ್ ತೊಟ್ಟು ಅಂಗೈಗೆ ಬುಟ್ಕಂಡು
ನೆಕ್ಕಿ ನೋಡ್ಬೇಕಲ್ವಾ?' ಅಂದಳು.
'ಅವ್ರು ಯಾರ್ ಮನೆ ಸಾರ ನೆಕ್ಕುದ್ರು?'
ಯಜಮಾನರು ಕೆಮ್ಮಿದರು. ನನ್ನ ಪುಸ್ತಕದಲ್ಲಿ
ಆ ಪ್ರಶ್ನೆಗೆ ಕಾಲಂ ಇರಲಿಲ್ಲ.

ಆಕೆ ಮಾತ್ರ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು
ತನ್ನದೇ ಸಭೆ ಕರೆದಳು, ಒಬ್ಬಳೇ.
ಉಳಿದದ್ದು ಹತ್ತೊಂಬತ್ತು ರೂಪಾಯಿ ಅರವತ್ತು ಪೈಸೆ.
ಅರ್ಧ ಕೇಜಿಗೆ ಎಪ್ಪತ್ತು ಒಬ್ಬಟ್ಟು.
ಕ್ಯಾಲ್ಕುಲೇಟರ್ ಒತ್ತಿ ನಾನೇ ಹೇಳಿದೆ: ಒಂದಕ್ಕೆ ಇಪ್ಪತ್ತೆಂಟು ಪೈಸೆ.
'ಇಪ್ಪತ್ತೆಂಟು ಪೈಸೆನ ಯಾವ ಕೈಲಿ ಇಳ್ಸಾನ?
ಮಡಿಕಂಡ್ರೆ ತಿನ್ನೋರ್ದು ನನ್ತಾವ ಉಳ್ಕತದೆ.'
ಬೇಳೆ ಏರಿದ್ದು, ಗ್ಯಾಸ್ ಏರಿದ್ದು, ಮೂಲೆಮನೆ ಮೇಡಮ್ಮಿನ
ಎರಡು ತಿಂಗಳ ಬಾಕಿ, ಬೆರಳ ಗೆಣ್ಣಿನ ಮೇಲೆ
ಎಲ್ಲ ಒಮ್ಮೆ ಹಾಜರಿ ಹಾಕಿದವು.

ಎದ್ದಳು, ಸೀರೆ ಕೊಡವಿದಳು.
'ಅಗಲ ಮಾಡ್ತೀನಿ ಬುಡವ್ವ, ಒಂದು ನೂಲು.'

ಸಂಜೆ ಯಾವುದೋ ಹಳೆಯ ಡಬ್ಬದ ಬಿಲ್ಲು ಹನ್ನೆರಡಕ್ಕೇ ಬಂತು,
ನಾನೂರ ಹದಿನೆಂಟನೆಯದು, ರಾತ್ರಿ ಕಣ್ಣಿಗೆ ತಪ್ಪಿದ್ದು.
ಅಳಿಸಿದೆ. ಬರೆದೆ.
ಖಚಿತವೇ? ಅಂತು.
ತಟ್ಟನೆ ಒತ್ತಲಾಗಲಿಲ್ಲ.